ಅವ್ವನ ಕಿವಿ ಕಲಿತ ಮನೆಗಳು

ಹೋದ ವರ್ಷ ಮಗಳು ನನ್ನನ್ನು ಮೈಸೂರಿಗೆ ಕರೆದುಕೊಂಡು ಹೋಗಿ ಕಿವಿಗೆ ಮಿಷನ್ನು ಹಾಕಿಸಿದಳು. ಹಾಕಿಕೊಂಡು ಮನೆಗೆ ಬಂದ ದಿನವೇ ಅದನ್ನು ಕಿತ್ತು ತಿಪ್ಪೆಗೆ ಎಸೆಯಬೇಕು ಅನ್ನಿಸಿತು. ತಟ್ಟೆ ಇಟ್ಟರೆ ನೆತ್ತಿಯ ಮೇಲೆ ಇಟ್ಟ ಹಾಗೆ, ನಲ್ಲಿ ಬಿಟ್ಟರೆ ಕೆರೆ ಕೋಡಿ ಬಿದ್ದ ಹಾಗೆ. ಎದುರು ಕೂತ ಮಗಳ ಮಾತಿಗಿಂತ ಅವಳ ತಲೆ ಮೇಲೆ ತಿರುಗುವ ಫ್ಯಾನೇ ಮೊದಲು ಕೇಳುತ್ತಿತ್ತು. ಮತ್ತೆ ಮೈಸೂರಿಗೆ ಹೋಗಿ, ಮಿಷನ್ನು ಕೊಟ್ಟ ಹುಡುಗಿಯ ಮುಂದೆ ಅದನ್ನು ಇಟ್ಟು ಬೈದೆ. ಅವಳು ಬೇಜಾರು ಮಾಡಿಕೊಳ್ಳಲಿಲ್ಲ.

“ಅಜ್ಜಿ, ಕಿವಿಗೆ ಅಭ್ಯಾಸ ಆಗಬೇಕು. ನಿಮ್ಮ ಮನೇಲೇ ಕೂತು ಕೇಳ್ತಾ ಇರಿ. ಯಾವ ಸದ್ದು ದಿನಾ ಇರುತ್ತೋ ಅದನ್ನ ಕಿವಿ ತಾನಾಗೇ ಪಕ್ಕಕ್ಕೆ ಇಡುತ್ತೆ. ಬೇಕಾದ್ದು ಆಗ ಕೇಳುತ್ತೆ. ಬೇರೆ ಮನೆಗೆ ಹೋದ್ರೆ ಮಾತ್ರ ಮತ್ತೆ ಮೊದಲಿಂದ.”

ಬೇರೆ ಮನೆಗೆ ಹೋದರೆ ಮತ್ತೆ ಮೊದಲಿಂದ. ಬಸ್ಸು ಹುಣಸೂರು ದಾಟುವ ತನಕ ಆ ಮಾತೇ ತಲೆಯಲ್ಲಿತ್ತು. ನನಗೆ ನೆನಪಾದದ್ದು ನನ್ನ ಅವ್ವ. ಮೂರನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು ನಾನು, ಬರೆಯುವುದು ನಿಧಾನ, ಒತ್ತಕ್ಷರ ಬಂದರೆ ಕೈ ನಿಲ್ಲುತ್ತದೆ. ಆದರೂ ಅವ್ವನ ವಿಷಯ ಗೊತ್ತಿರುವವರಲ್ಲಿ ಈಗ ಉಳಿದಿರುವವಳು ನಾನೊಬ್ಬಳೇ. ಅದಕ್ಕೆ ಬರೆಯುತ್ತಿದ್ದೇನೆ.

ನಮ್ಮೂರು ಕಂಪಲಾಪುರದ ರಸ್ತೆ ಬಿಟ್ಟು ಒಳಕ್ಕೆ ನಡೆದರೆ ಸಿಗುತ್ತದೆ. ನಾನು ಹುಟ್ಟಿದ ಮನೆ ಮಣ್ಣಿನ ಗೋಡೆಯದು, ಮೇಲೆ ನಾಡಹೆಂಚು. ದೊಡ್ಡವರು ತಲೆ ಬಗ್ಗಿಸಿಯೇ ಒಳಗೆ ಹೋಗಬೇಕು. ಬಾಗಿಲು ದಾಟಿದರೆ ಬಲಕ್ಕೆ ದನ, ಎಡಕ್ಕೆ ನಾವು, ನಡುವೆ ಸೊಂಟದೆತ್ತರದ ಗೋಡೆ, ಹಿಂದೆ ಅಡಿಗೆಮನೆ. ಅಟ್ಟದ ತುಂಬ ಹುಲ್ಲು, ಸೌದೆ. ಗೋಡೆ ಬದಿಗೆ ರಾಗಿ ತುಂಬುವ ಮಣ್ಣಿನ ವಾಡೆಗಳು, ನನಗಿಂತ ಎತ್ತರ. ಆ ಮನೆಯಲ್ಲಿ ಆಡಿದ ಮಾತು ಆಡಿದ ಜಾಗದಲ್ಲೇ ಇರುತ್ತಿತ್ತು. ಗೋಡೆ, ಹುಲ್ಲು, ಸಗಣಿ ಸಾರಿಸಿದ ನೆಲ ಎಲ್ಲ ಸೇರಿ ಸದ್ದನ್ನು ಕುಡಿದುಬಿಡುತ್ತಿದ್ದವು. ಎಮ್ಮೆ ಮೆಲುಕು ಹಾಕುವುದು ಬಲಗಡೆಯಿಂದ, ಒಲೆ ಉರಿಯುವುದು ಹಿಂದಿನಿಂದ, ಅಪ್ಪ ಬೀಡಿ ಸೇದಿ ಕೆಮ್ಮುವುದು ಜಗಲಿಯಿಂದ. ಒಂದು ಸದ್ದು ಇನ್ನೊಂದರ ಮೇಲೆ ಬೀಳುತ್ತಿರಲಿಲ್ಲ. ಇದೆಲ್ಲ ನಾನು ಆಗ ಗಮನಿಸಿದ್ದಲ್ಲ. ಮೀನಿಗೆ ನೀರು ಹೇಗೋ ನನಗೆ ಹಾಗೆ. ಗಮನಿಸಿದ್ದವಳು ಅವ್ವ.

ಅವ್ವನಿಗೆ ಕಣ್ಣು ಕಾಣುತ್ತಿರಲಿಲ್ಲ. ನನ್ನನ್ನು ಹೆತ್ತ ಬಾಣಂತನದಲ್ಲಿ ಜ್ವರ ಬಂತು, ಇಳಿಯುವಾಗ ಕಣ್ಣನ್ನೂ ತೆಗೆದುಕೊಂಡು ಇಳಿಯಿತು. ನನ್ನ ಅಕ್ಕನ ಮುಖ ಅವಳಿಗೆ ಗೊತ್ತಿತ್ತು, ನನ್ನದು ಗೊತ್ತಿರಲಿಲ್ಲ. ನನಗೆ ಬುದ್ಧಿ ಬರುವ ಹೊತ್ತಿಗೆ ಅಕ್ಕನನ್ನು ಮಿರ್ಲೆಗೆ ಮದುವೆ ಮಾಡಿ ಕೊಟ್ಟಾಗಿತ್ತು, ಮನೆಯಲ್ಲಿ ಉಳಿದವಳು ನಾನು, ಸಾಕಮ್ಮ. ‘ಅವ್ವನ ಕಣ್ಣು ನುಂಗಿ ಹುಟ್ಟಿದ್ದು’ ಅಂತ ಊರ ಹೆಂಗಸರು ನನ್ನ ಎದುರಿಗೇ ಅನ್ನುತ್ತಿದ್ದರು. ಚಿಕ್ಕವಳಿದ್ದಾಗ ಅದು ಬೈಗುಳ ಅಂತ ಗೊತ್ತಿರಲಿಲ್ಲ, ನನ್ನ ಇನ್ನೊಂದು ಹೆಸರು ಅಂದುಕೊಂಡಿದ್ದೆ.

ಕಣ್ಣಿಲ್ಲದ ಹೆಂಗಸು ಅಂತ ಹೊರಗಿನವರು ಮರುಗುತ್ತಿದ್ದರೇ ಹೊರತು ಮನೆಯೊಳಗೆ ಯಾರೂ ಮರುಗುತ್ತಿರಲಿಲ್ಲ. ಮರುಗುವುದಕ್ಕೆ ಅವಳು ಬಿಡುತ್ತಿರಲಿಲ್ಲ. ಒಂದು ಕಡೆಯಿಂದ ಇನ್ನೊಂದು ಕಡೆಗೆ ಕಾಲಿಡುವಾಗ ಬಲಗೈ ಒಮ್ಮೆ ಒದರುತ್ತಿದ್ದಳು. ಗಾಜಿನ ಬಳೆ ಝಲ್ ಅನ್ನುತ್ತಿತ್ತು. ಆ ಸದ್ದು ಹೋಗಿ ಎಲ್ಲಿ ತಾಗಿತು, ಎಲ್ಲಿ ತಾಗಲಿಲ್ಲ ಅನ್ನುವುದರಲ್ಲೇ ಅವಳಿಗೆ ಗೋಡೆ, ಕಂಬ, ತೆರೆದ ಬಾಗಿಲು ಎಲ್ಲ ತಿಳಿಯುತ್ತಿತ್ತು. ಎಸರು ಕುದಿಯುವುದು ಕೇಳಿ ಹಿಟ್ಟು ಹಾಕುತ್ತಿದ್ದಳು. ಹಿಟ್ಟು ಬೆಂದು ಮಡಕೆಯೊಳಗೆ ಬುಸ್ ಬುಸ್ ಅನ್ನುವಾಗ ಕೋಲು ಹಿಡಿದು ತೊಳಸಲು ಕೂರುತ್ತಿದ್ದಳು. ಅವಳ ಮುದ್ದೆಯಲ್ಲಿ ಗಂಟು ಕಂಡವರಿಲ್ಲ. ಪಕ್ಕದ ಮನೆಯ ಕರಿಯಪ್ಪ ಮಾವ ಬಂದು ಸದ್ದಿಲ್ಲದೆ ಬಾಗಿಲಲ್ಲಿ ನಿಂತು ಪರೀಕ್ಷೆ ಮಾಡುತ್ತಿದ್ದ.

“ಒಳೀಕ್ ಬಾ, ಇಲ್ಲಾ ಆಚಿಕ್ ಹೋಗು ಕರಿಯಣ್ಣ. ಬೆಳಕ್ಗೆ ಅಡ್ಡ ನಿಂತ್ಕಬ್ಯಾಡ.”

“ಅಯ್ ನಿಂಗವ್ವ, ನಿಂಗೆ ಬೆಳಕು ಯಾಕವ್ವ?”

“ನಂಗಲ್ಲ ಕಣಣ್ಣ, ನಮ್ಮೆಮ್ಮೆಗೆ. ನೀನು ಬಂದ್ ನಿಂತ್ರೆ ಬಾಗ್ಲು ಬಾಯಿ ಮುಚ್ಚ್ಕತದೆ. ಬೀದಿ ಸದ್ದೇ ಒಳೀಕ್ ಬರಕಿಲ್ಲ.”

ವಾಡೆಯ ಹತ್ತಿರ ಹೋದರೆ ಬಾಯಿ ಹತ್ತಿರ ಬಗ್ಗಿ ‘ಊಂ’ ಅನ್ನುತ್ತಿದ್ದಳು. ವಾಡೆ ಅದೇ ‘ಊಂ’ ಅನ್ನು ತಿರುಗಿ ಹೇಳುತ್ತಿತ್ತು. ತುಂಬಿದ ವಾಡೆ ಮೂಗಿನಲ್ಲಿ, ಬರಿದಾದ ವಾಡೆ ಹೊಟ್ಟೆಯಿಂದ. ಕೇಳಿಸಿಕೊಂಡು ಅವತ್ತಿಗೆ ಎಷ್ಟು ರಾಗಿ ತೆಗೆಯಬೇಕು ಅಂತ ತೀರ್ಮಾನ ಮಾಡುತ್ತಿದ್ದಳು. ವಾಡೆ ಜೋರಾಗಿ ಮಾತಾಡುವ ತಿಂಗಳಲ್ಲಿ ನಮ್ಮ ಮುದ್ದೆ ಚಿಕ್ಕದಾಗುತ್ತಿತ್ತು. ಆ ಮನೆಯಲ್ಲಿ ಒಂದೇ ಕಟ್ಟಳೆ ಇತ್ತು. ಎತ್ತಿದ ಸಾಮಾನು ಎತ್ತಿದ ಜಾಗದಲ್ಲೇ ಇಡಬೇಕು. ಕೊಡವನ್ನು ಗೇಣು ಆಚೆ ಇಟ್ಟರೂ ಅವ್ವನ ಕೈ ನನ್ನ ಬೆನ್ನು ಹುಡುಕಿಕೊಂಡು ಬರುತ್ತಿತ್ತು, ಒಂದು ಸಲವೂ ತಪ್ಪಿದ್ದಿಲ್ಲ.

ಇನ್ನೊಂದು ವಿಷಯ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನಮ್ಮ ಕಡೆ ಒಲೆ ಯಾರ ಕೈಯಲ್ಲಿದೆಯೋ ಅವಳೇ ಮನೆಯ ಹೆಂಗಸು. ಹೊಲಕ್ಕೆ ಹೋಗಿ ಕಳೆ ಕೀಳುವುದು, ಹೊಗೆಸೊಪ್ಪು ಮುರಿಯುವುದು ಯಾರು ಬೇಕಾದರೂ ಮಾಡಬಹುದು. ಒಲೆ ಬಿಟ್ಟುಕೊಟ್ಟವಳು ಇದ್ದ ಮನೆಯಲ್ಲೇ ನೆಂಟಳು. ಅವ್ವ ಹೊಲಕ್ಕೆ ಬರುವ ಹಾಗಿರಲಿಲ್ಲ. ಅವಳಿಗೆ ಇದ್ದದ್ದು ಒಲೆ ಒಂದೇ.

ಅಪ್ಪನಿಗೆ ಹೊಗೆಸೊಪ್ಪು ಕೈ ಹಿಡಿಯಿತು. ಸತತವಾಗಿ ಒಳ್ಳೆಯ ಎಲೆ ಬಂತು, ಒಳ್ಳೆಯ ರೇಟು ಸಿಕ್ಕಿತು. ಊರಿನಲ್ಲಿ ಒಬ್ಬೊಬ್ಬರಾಗಿ ಮಣ್ಣಿನ ಮನೆ ಕೆಡವಿ ತಾರಸಿ ಹಾಕುತ್ತಿದ್ದರು. ಒಂದು ಮಧ್ಯಾಹ್ನ ಊಟಕ್ಕೆ ಕೂತವನು ತಟ್ಟೆ ನೋಡಿಕೊಂಡು ವಿಷಯ ತೆಗೆದ.

“ಈ ವರ್ಸ ಮನೆ ಕೆಡುವ್ಸಿ ತಾರಸಿ ಆಕ್ಸಾನ ಅಂತಿವ್ನಿ.”

“ಇದ್ಕೇನಾಗದೆ?”

“ಏನಾಗದೆ ಅಂದ್ರೆ? ಗೋಡೆ ತುಂಬ ಇಲಿ ಬಿಲ, ಜಂತೆ ಎಲ್ಲ ಗೆದ್ಲು. ಹಬ್ಬ ಬಂದ್ರೆ ಎಲ್ರ ಮನೆ ಸುಣ್ಣ ಬಳ್ಕೊಂಡು ಹೊಳೀತವೆ. ನಿಂಗೆ ಕಾಣಕಿಲ್ಲ, ಅಷ್ಟೆಯ.”

“ಕಾಣಕಿಲ್ಲ ಅಂತಲೇ ಯೋಳ್ತಿರದು ಕಣ್ರೀ. ನಂಗೆ ಈ ಮನೆ ಸಾಕು.”

“ನಿಂಗೂ ಸೇರ್ಸೇ ಕಣಮ್ಮಿ ಕಟ್ತಿರದು. ನೆಲ ಕನ್ನಡಿ ತರ ಇರ್ತದೆ. ಎಡುವಕೆ ಒಂದು ಕಲ್ಲಿರಕಿಲ್ಲ.”

ಅಪ್ಪ ಕೆಟ್ಟವನಲ್ಲ. ಎಡವದ ಹಾಗೆ ನೆಲ ಮಾಡಿಸಿದರೆ ಕಣ್ಣಿಲ್ಲದವಳಿಗೆ ಒಳ್ಳೆಯದು ಅಂತಲೇ ಅವನು ನಂಬಿದ್ದ. ಅವ್ವ ಆ ನೆಲದಲ್ಲಿದ್ದ ಒಂದೊಂದು ಕಲ್ಲಿನಿಂದಲೂ ದಾರಿ ತಿಳಿಯುತ್ತಿದ್ದಳು ಅನ್ನುವುದು ಅವನಿಗೆ ಹೊಳೆಯಲಿಲ್ಲ. ಅವಳೂ ಬಿಡಿಸಿ ಹೇಳಲಿಲ್ಲ. ಗಂಡ ಹೆಂಡತಿ ಅಷ್ಟೆಲ್ಲ ಕೂತು ಮಾತಾಡುವ ರೂಢಿ ನಮ್ಮಲ್ಲಿ ಇರಲಿಲ್ಲ.

ರಾಗಿ ಒಕ್ಕಣೆ ಮುಗಿದ ಮೇಲೆ ಮನೆ ಕೆಡವಿದರು. ಹೆಂಚನ್ನು ಇಳಿಸಿ ಹಿತ್ತಿಲಲ್ಲಿ ಒಟ್ಟಿದರು. ಹಳೆ ಗೋಡೆಯ ಮಣ್ಣು ಹೊಲಕ್ಕೆ ಒಳ್ಳೆಯ ಗೊಬ್ಬರ. ನಮ್ಮ ಕಡೆ ಯಾರೂ ಅದನ್ನು ಸುಮ್ಮನೆ ಬಿಡುವುದಿಲ್ಲ. ಗಾಡಿಯಲ್ಲಿ ತುಂಬಿ ರಾಗಿ ಹೊಲಕ್ಕೆ ಹೊಡೆದರು. ಅವ್ವ ಹುಣಸೆಮರದ ಕೆಳಗೆ ಕೂತು ಗಾಡಿ ಹೋಗುವುದು, ಬರುವುದು ಕೇಳುತ್ತಿದ್ದಳು. ‘ಮನೇನೂ ಉತ್ತು ಬಿತ್ತಾಯ್ತು, ಇನ್ನೇನು ಬೆಳೀತದೋ ನೋಡಾನ’ ಅಂದಳು. ಗಾಡಿ ಹೊಡೆಯುವವರು ನಕ್ಕರು. ಅವಳು ನಗಲಿಲ್ಲ.

ಹೊಸ ಮನೆ ಏಳುವ ತನಕ ನಾವು ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನಲ್ಲಿ ಇದ್ದೆವು. ಸುಗ್ಗಿ ಮುಗಿದರೆ ಅದು ಖಾಲಿ. ನೋಡದವರಿಗೆ ಹೇಳುತ್ತೇನೆ, ಅದು ಕಿಟಕಿಯಿಲ್ಲದ ಎತ್ತರದ ಕೋಣೆ. ಸೊಪ್ಪಿನ ಕಡ್ಡಿ ನೇತುಹಾಕುವ ಅಡ್ಡಮರಗಳು ಮೇಲಿನ ತನಕ. ಖಾಲಿ ಬ್ಯಾರನ್ನಿನಲ್ಲಿ ಮಾತಾಡಿದರೆ ಬಾವಿಗೆ ಬಾಯಿ ಹಾಕಿ ಮಾತಾಡಿದ ಹಾಗೆ. ‘ನೀರು ಕೊಡು’ ಅಂದರೆ ‘ನೀರು’ ಅನ್ನುವ ಮಾತು ಮೇಲೆ ಹೋಗಿ, ‘ಕೊಡು’ ಅನ್ನುವುದರ ಮೇಲೆ ಬಂದು ಬೀಳುತ್ತಿತ್ತು. ಮೊದಲ ದಿನಗಳಲ್ಲಿ ಒಬ್ಬರ ಮಾತು ಒಬ್ಬರಿಗೆ ತಿಳಿಯದೆ ಅಪ್ಪನೂ ನಾನೂ ಅರಚಿಕೊಂಡೆವು. ಅರಚಿದಷ್ಟೂ ಕೆಡುತ್ತಿತ್ತು. ಅವ್ವ ಮೂಲೆಯಲ್ಲಿ ಮೊಣಕಾಲಿಗೆ ಗಲ್ಲ ಇಟ್ಟು ಕೂತುಬಿಟ್ಟಳು. ಅವಳ ಮುಖ ಆಗ ಹೇಗಿತ್ತು ಅಂದರೆ, ಸಂತೆಯಲ್ಲಿ ಕೈ ಬಿಟ್ಟುಹೋದ ಮಗುವಿನ ಮುಖದ ಹಾಗೆ ಇತ್ತು. ಆ ಮುಖ ನೆನಪಿಟ್ಟುಕೊಳ್ಳಿ. ಮುಂದೆ ಒಂದು ಸಲ ಬರುತ್ತದೆ.

ಆಮೇಲೆ ಯಾವಾಗಲೋ, ಗೊತ್ತೇ ಆಗದ ಹಾಗೆ, ಸರಿಹೋಯಿತು. ಬ್ಯಾರನ್ನು ಬದಲಾಗಿರಲಿಲ್ಲ. ನಮ್ಮ ಕಿವಿ ಬದಲಾಗಿತ್ತು. ಅಪ್ಪ ಮೆಲ್ಲಗೆ ಮಾತಾಡಿದರೂ ತಿಳಿಯುತ್ತಿತ್ತು. ಹೊಸದಾಗಿ ಬಂದವರು ಮಾತ್ರ ‘ಆಂ? ಆಂ?’ ಅನ್ನುತ್ತಿದ್ದರು, ನಾವು ನಗುತ್ತಿದ್ದೆವು. ಅವ್ವ ಬಳೆ ಒದರಿ ಬಾಗಿಲು ಕಂಡುಕೊಂಡಳು, ಮೂರು ಕಲ್ಲಿನ ಒಲೆ ಹೂಡಿದಳು. ‘ಹೆಂಗವ್ವ?’ ಅಂದೆ.

“ಹೊಸ ಸೊಸೆಗೆ ನಾಕ್ ದಿನ ಬ್ಯಾಡ್ವಾ ಮನೆ ತಿಳ್ಕಳಕೆ? ಕಿವಿಗೂ ಅಂಗೇ ಕಣ್ ಮಗ. ಗೋಡೆ ಬುದ್ದಿ ಏನು ಅಂತ ಅದ್ಕೆ ತಿಳೀಬೇಕು. ತಿಳಿದ್ ಮ್ಯಾಲೆ ಗೋಡೇನ ಬುಟ್ಟು ಮಾತ್ನ ಮಾತ್ರ ಕೇಳ್ತದೆ.”

ಹೊಸ ಮನೆ ಆಯಿತು. ತಾರಸಿ, ನಯವಾಗಿ ಗಾರೆ ಬಳಿದ ಗೋಡೆ, ಕೆಂಪು ಸಿಮೆಂಟಿನ ನೆಲ, ನಡುವೆ ದೊಡ್ಡ ಹಜಾರ, ಸುತ್ತ ಕೋಣೆಗಳು. ದನಕ್ಕೆ ಬೇರೆ ಕೊಟ್ಟಿಗೆ. ವಾಡೆಗಳು ಹೊಸ ಮನೆಗೆ ಚೆನ್ನಲ್ಲ ಅಂತ ಒಡೆದುಹಾಕಿ ಚೀಲ ತಂದರು. ಗೃಹಪ್ರವೇಶಕ್ಕೆ ನೆಂಟರೆಲ್ಲ ಬಂದರು. ಅಪ್ಪನ ಅಕ್ಕ ಕೆಂಪತ್ತೆ ಹಂಪಾಪುರದಿಂದ ಬಂದಳು. ಗಂಡ ಸತ್ತು, ಮೈದುನರ ಮನೆಯಲ್ಲಿ ದುಡಿದು ಗಟ್ಟಿಯಾದ ಹೆಂಗಸು. ಬಾಯಿ ಜೋರು, ಕೈ ಇನ್ನೂ ಜೋರು.

ಮನೆಯ ಯಜಮಾನಿ ಹಾಲಿನ ಮಡಕೆ ಹಿಡಿದು ಮೊದಲು ಒಳಗೆ ಹೋಗಿ ಒಲೆಯ ಮೇಲೆ ಇಟ್ಟು ಉಕ್ಕಿಸಬೇಕು. ಅವ್ವ ಹೊಸ ಸೀರೆ ಉಟ್ಟು, ಎರಡೂ ಕೈಯಲ್ಲಿ ಮಡಕೆ ಹಿಡಿದು ಹೊಸ್ತಿಲು ದಾಟಿದಳು. ಕೈ ಖಾಲಿ ಇಲ್ಲ, ಬಳೆ ಒದರುವಂತಿಲ್ಲ. ಹಿಂದೆ ಜನವೋ ಜನ. ಎಲ್ಲರ ಮಾತು, ಮಕ್ಕಳ ಅಳು, ಪಾತ್ರೆ ಸದ್ದು ಬರಿಗೋಡೆಗೆ ಬಡಿದು, ತಾರಸಿಗೆ ಬಡಿದು, ಎಲ್ಲ ಕಡೆಯಿಂದ ಒಂದೇ ತರ ಬರುತ್ತಿತ್ತು. ನನಗೇ ತಲೆ ಸುತ್ತುತ್ತಿತ್ತು. ನಾನು ಅವಳ ಸೆರಗು ಹಿಡಿದುಕೊಳ್ಳಲು ಹೋದರೆ ‘ಬುಡು, ನಾನೇ ಓಯ್ತೀನಿ’ ಅಂದಳು. ಧೈರ್ಯವಾಗಿ ನಾಲ್ಕು ಹೆಜ್ಜೆ ಇಟ್ಟಳು. ಬಲಕ್ಕೆ ತಿರುಗಬೇಕಾದ ಕಡೆ ಎಡಕ್ಕೆ ತಿರುಗಿ, ಹಜಾರದ ಮೂಲೆಗೆ ಹೋಗಿ, ಗೋಡೆಗೆ ಮುಖ ಮಾಡಿ ನಿಂತಳು. ಹಾಲಿನ ಮಡಕೆ ಹಿಡಿದುಕೊಂಡು, ಎದುರಿಗೆ ಅಡಿಗೆಮನೆಯ ಬಾಗಿಲಿದೆ ಅಂದುಕೊಂಡು, ನಗುಮುಖದಲ್ಲಿ ನಿಂತಿದ್ದಳು. ಜನ ಗಪ್ಪಾಯಿತು. ಹಿಂದಿನಿಂದ ಯಾರೋ ಕಿಸಕ್ಕೆಂದರು. ಆ ನಗು ನಾಲ್ಕೂ ಗೋಡೆಗೆ ಬಡಿದು ತಿರುಗಿ ಬಂತು. ಆಗ ಅವ್ವನಿಗೆ ತಿಳಿಯಿತು.

ಕೆಂಪತ್ತೆ ಹೋಗಿ ಮಡಕೆ ಕಿತ್ತುಕೊಂಡು ತಾನೇ ಹಾಲು ಉಕ್ಕಿಸಿದಳು. ಅಪ್ಪ ಬಾಗಿಲಲ್ಲಿ ನಿಂತು ಎಲ್ಲ ನೋಡಿದ. ಹೆಗಲ ಮೇಲಿನ ಟವೆಲ್ಲು ತೆಗೆದು ಕೊಡವಿ ಮತ್ತೆ ಹಾಕಿಕೊಂಡ. ಅಷ್ಟೆ.

ನೆಂಟರು ಹೋದರು, ಕೆಂಪತ್ತೆ ಹೋಗಲಿಲ್ಲ.

“ಲೋ ತಮ್ಮ, ಕಣ್ಣಿಲ್ದೋಳ ಕೈಗೆ ಬೆಂಕಿ ಕೊಟ್ಟು ಹೊಸ ಮನೆ ಸುಡಿಸ್ಕಬ್ಯಾಡ. ನಾನಿರ್ತೀನಿ. ಅವ್ಳು ಅಚ್ಚುಕಟ್ಟಾಗಿ ಕೂತ್ಕಂಡು ಉಣ್ಲಿ.”

“ಅವಳ್ನ ಕೇಳು” ಅಂದ ಅಪ್ಪ.

“ನನ್ನೇನ್ ಕೇಳೀರಿ” ಅಂದಳು ಅವ್ವ. “ಮನೆ ಕಟ್ಟುವಾಗ ಕೇಳಿದ್ರಾ?”

ಒಲೆ ಅತ್ತೆಯ ಕೈಗೆ ಹೋಯಿತು. ಅವ್ವ ಜಗಲಿಯ ಮೇಲೆ ಕೂರುವವಳಾದಳು. ಅತ್ತೆ ಅವಳಿಗೆ ಹೊಟ್ಟೆ ತುಂಬ ಹಾಕುತ್ತಿದ್ದಳು, ಸುಳ್ಳು ಹೇಳಬಾರದು. ತಟ್ಟೆಯನ್ನು ಕೈಗೇ ತಂದು ಕೊಡುತ್ತಿದ್ದಳು. ಅದೇ ಅವ್ವನಿಗೆ ನುಂಗಲಾಗುತ್ತಿರಲಿಲ್ಲ. ಹಳೆ ಮನೆಯಲ್ಲಿ ಎಲ್ಲರಿಗೂ ಇಕ್ಕಿ ಕೊನೆಗೆ ತಾನು ಉಣ್ಣುತ್ತಿದ್ದವಳು ಈಗ ಮೊದಲು ಉಣ್ಣಬೇಕು, ಮಕ್ಕಳ ಹಾಗೆ. ಮನೆಯೊಳಗೆ ನಡೆಯುವಾಗ ಗೋಡೆ ಸವರಿಕೊಂಡು ನಡೆಯುತ್ತಿದ್ದಳು. ಗೋಡೆಯ ಬಿಳಿ ಸುಣ್ಣದ ಮೇಲೆ ಅವಳ ಕೈಯ ಗೆರೆ ಉದ್ದಕ್ಕೆ ಬಿತ್ತು. ಅತ್ತೆ ಅದನ್ನು ನೋಡಿದಾಗಲೆಲ್ಲ ನಿಟ್ಟುಸಿರು ಬಿಡುತ್ತಿದ್ದಳು. ಆ ನಿಟ್ಟುಸಿರೂ ಆ ಮನೆಯಲ್ಲಿ ಎರಡು ಸಲ ಕೇಳುತ್ತಿತ್ತು.

ಮಳೆ ಹಿಡಿದ ಮೇಲೆ ಅಪ್ಪನೂ ಅತ್ತೆಯೂ ಹೊಗೆಸೊಪ್ಪಿನ ಹೊಲಕ್ಕೆ ಬಿದ್ದರು. ಮಧ್ಯಾಹ್ನದ ಹೊತ್ತು ಮನೆಯಲ್ಲಿ ನಾನು, ಅವ್ವ ಇಬ್ಬರೇ. ಒಂದು ದಿನ ಜಗಲಿಯಿಂದ ಎದ್ದವಳೇ ಒಳಗೆ ಬಂದು ಬಾಗಿಲು ಹಾಕಿಸಿದಳು.

“ಸಾಕಿ, ಮೂಲೇಲಿ ನಿಂತ್ಕಂಡು ನನ್ನ ಕರಿ. ಜೋರಾಗಲ್ಲ.”

ನಾನು ಕರೆದೆ. ಅವಳು ತಪ್ಪು ದಿಕ್ಕಿಗೆ ಕೈ ತೋರಿಸಿದಳು. ಇನ್ನೊಂದು ಮೂಲೆಗೆ ಹೋಗಿ ಕರೆದೆ. ಅದೂ ತಪ್ಪು. ಅವತ್ತಿನಿಂದ ಅದೇ ನಮ್ಮ ಕೆಲಸ. ಮಳೆ ಬರುತ್ತಿದ್ದರೆ ಮಳೆಯಲ್ಲಿ, ಬಿಸಿಲಿದ್ದರೆ ಬಿಸಿಲಿನಲ್ಲಿ. ಅವ್ವ ಹಜಾರದ ನಡುವೆ ನಿಂತು ಬಳೆ ಒದರುವಳು, ಕತ್ತು ಓರೆ ಮಾಡಿ ಕಾಯುವಳು, ಒಂದು ಹೆಜ್ಜೆ ಇಟ್ಟು ಮತ್ತೆ ಒದರುವಳು. ಗೋಡೆಗೆ ಹಣೆ ತಾಗಿ ಬುಗುಟೆ ಬಂದರೆ ‘ಬಾಗ್ಲು ತಾಗ್ತು ಅಂತೀನಿ ಬುಡು’ ಅನ್ನುವಳು. ಈ ಮನೆಯಲ್ಲಿ ಸದ್ದು ಸಾಯುವುದೇ ಇಲ್ಲ ಅಂತ ಬೈಯುತ್ತಿದ್ದವಳು ಬರಬರುತ್ತಾ ಅದನ್ನೇ ಹಿಡಿದುಕೊಂಡಳು. ಕೋಣೆಯೊಳಗೆ ಬಳೆಯ ಸದ್ದು ಚಿಕ್ಕದಾಗಿ ಉಳಿಯುತ್ತದೆ, ಹಜಾರದಲ್ಲಿ ಉದ್ದಕ್ಕೆ ಹೋಗಿ ಉಳಿಯುತ್ತದೆ, ಅಡಿಗೆಮನೆಯಲ್ಲಿ ಪಾತ್ರೆಗಳು ಜೊತೆಗೂಡುತ್ತವೆ. ಇದೆಲ್ಲ ಅವಳು ನನಗೆ ಹೇಳಿಕೊಟ್ಟದ್ದು. ಕಣ್ಣು ಮುಚ್ಚಿ ನಾನೂ ನಡೆದು ನೋಡುತ್ತಿದ್ದೆ. ನನಗೆ ಬರಲಿಲ್ಲ.

ಸೊಪ್ಪು ಬೇಯಿಸಿ ಮುಗಿಯುವ ಹೊತ್ತಿಗೆ ಅವ್ವ ಗೋಡೆ ಸವರುವುದು ಬಿಟ್ಟಳು. ಆದರೆ ಅಪ್ಪ, ಅತ್ತೆ ಮನೆಯಲ್ಲಿದ್ದಾಗ ಬೇಕೆಂದೇ ಸವರಿಕೊಂಡು ನಡೆಯುತ್ತಿದ್ದಳು.

“ಯುಗಾದಿ ಒಬ್ಬಟ್ಟು ನಾನೇ ತಟ್ತೀನಿ. ಎಲ್ರೂ ಕೂತಿರ್ವಾಗ ಹೋಗಿ ಒಲೆ ಮುಂದೆ ಕೂರ್ತೀನಿ ನೋಡು. ನಿಮ್ಮತ್ತೆ ಬಾಯಿ ತಗದೋಳು ಮುಚ್ಚಬಾರ್ದು. ಅಲ್ಲಿಗಂಟ ಉಸ್ರು ಬುಟ್ಟೀಯ!”

ಅವಳು ಹಾಗೆ ಆಸೆಯಿಂದ ಮಾತಾಡಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

ಅದೇ ಚಳಿಗಾಲದಲ್ಲಿ ಅಪ್ಪ ಹಿತ್ತಿಲಲ್ಲಿ ಏನೋ ಕಟ್ಟಲು ಶುರುಮಾಡಿದ. ಹೊಸ ಮನೆಯ ಹಿಂಬಾಗಿಲಿಗೆ ಅಂಟಿಸಿಕೊಂಡು. ಆಳು ಕರೆಯಲಿಲ್ಲ. ಬೆಳಗ್ಗೆ ಎದ್ದು ತಾನೇ ಮಣ್ಣು ತುಳಿಯುತ್ತಿದ್ದ, ತಾನೇ ಉಂಡೆ ಎತ್ತಿ ಗೋಡೆ ಇಡುತ್ತಿದ್ದ. ಏನು ಅಂದರೆ ಸೌದೆ ಕೊಟ್ಟಿಗೆ ಅಂದ. ಹಿತ್ತಿಲಲ್ಲಿ ಒಟ್ಟಿದ್ದ ಹಳೆ ಹೆಂಚನ್ನು ಒರೆಸಿ ಮೇಲೆ ಹೊದಿಸಿದ. ಹೊಲದ ಬದುವಿನಲ್ಲಿ ಹಳೆ ಗೋಡೆಯ ಮಣ್ಣು ಉಳುಮೆಗೆ ಸಿಗದೆ ಒಂದಷ್ಟು ಗುಪ್ಪೆಯಾಗಿ ಉಳಿದಿತ್ತು. ಅದನ್ನು ಕೆರೆದು ಬುಟ್ಟಿಯಲ್ಲಿ ಹೊತ್ತು ತಂದ. ಅದನ್ನು ನೋಡಿದಾಗ ನನಗೆ ಅನುಮಾನ ಬಂತು. ಸೌದೆಗೆ ಅಷ್ಟು ಸೇವೆ ಯಾರು ಮಾಡುತ್ತಾರೆ?

ಯುಗಾದಿಗೆ ಇನ್ನು ಸ್ವಲ್ಪ ದಿನ ಇರುವಾಗ ಒಂದು ಬೆಳಗ್ಗೆ ಅಪ್ಪ ಸ್ನಾನ ಮಾಡಿ ವಿಭೂತಿ ಇಟ್ಟುಕೊಂಡು ಬಂದು ಅವ್ವನ ಕೈ ಹಿಡಿದ. ನಮ್ಮ ಎದುರಿಗೆ ಅವನು ಅವಳ ಕೈ ಹಿಡಿದದ್ದು ಅದೇ ಮೊದಲು. ಹಿಂಬಾಗಿಲು ದಾಟಿಸಿ ಒಳಗೆ ನಿಲ್ಲಿಸಿದ. ಮಣ್ಣಿನ ಗೋಡೆ, ತಗ್ಗು ಮಾಡು, ಸಗಣಿ ಸಾರಿಸಿದ ನೆಲ, ನಡುವೆ ಹೊಸ ಒಲೆ. ಹಳೆ ಅಡಿಗೆಮನೆಯಲ್ಲಿ ಎಲ್ಲೆಲ್ಲಿ ಏನಿತ್ತೋ ಅಲ್ಲಲ್ಲೇ ಉಪ್ಪಿನ ಮಡಕೆ, ನೀರಿನ ಕೊಡ, ಮುದ್ದೆ ಕೋಲು. ಅಪ್ಪನಿಗೆ ಅದೆಲ್ಲ ನೆನಪಿತ್ತು.

“ನಿಂಗಿ, ಬಳೆ ಒದ್ರು ನೋಡಾನ” ಅಂದ.

ಅವನಿಗೆ ಬಳೆಯ ವಿಷಯ ಗೊತ್ತಿತ್ತು ಅಂತ ನನಗೂ ಆಗಲೇ ಗೊತ್ತಾದದ್ದು, ಅವ್ವನಿಗೂ ಆಗಲೇ. ಅವಳು ಕೈ ಎತ್ತಿ ಒದರಿದಳು. ಬಳೆ ಟಕ್ ಅಂದು ಅಲ್ಲೇ ಸತ್ತಿತು. ಅವ್ವ ಕತ್ತು ಓರೆ ಮಾಡಿ ಕಾದಳು. ಇನ್ನೊಂದು ಸಲ ಒದರಿದಳು. ನಾನು ಅವಳ ಮುಖವನ್ನೇ ನೋಡುತ್ತಿದ್ದೆ. ಬ್ಯಾರನ್ನಿನ ಮೊದಲ ದಿನದ ಮುಖ. ಕೈ ಬಿಟ್ಟುಹೋದ ಮಗು.

ಅಪ್ಪ ಉಸಿರು ಹಿಡಿದು ನಿಂತಿದ್ದ.

“ಅದೇ ಮನೆ ಕಣ್ರೀ” ಅಂದಳು. “ಒಂಚೂರೂ ಯತ್ಯಾಸ ಇಲ್ಲ.”

ಅಪ್ಪ ಆಚೆ ತಿರುಗಿ ಟವೆಲ್ಲಿನಿಂದ ಮೂಗು ಒರೆಸಿಕೊಂಡ. ಬಾಗಿಲಲ್ಲಿ ನಿಂತಿದ್ದ ಕೆಂಪತ್ತೆಯೂ ಸೆರಗು ಕಣ್ಣಿಗೆ ಒತ್ತಿಕೊಂಡು, ‘ಹುಟ್ಟಿದಾಗ್ಲಿಂದ ಒಂದ್ ಬುದ್ದಿವಂತ ಕೆಲ್ಸ ಮಾಡ್ದೆ ಕಣ್ಲಾ ತಮ್ಮ’ ಅಂದಳು. ಹಾಲು ಉಕ್ಕಿಸಿದರು. ಈ ಸಲ ಅವ್ವನೇ ಉಕ್ಕಿಸಿದಳು. ನಾನು ಅವಳ ಪಕ್ಕದಲ್ಲಿ ಕೂತು, ಹಾಲು ಮೇಲೆ ಬರುವಾಗ ಅವಳ ಮೊಣಕಾಲು ಮುಟ್ಟಿದೆ. ಯಾರೂ ನೋಡಲಿಲ್ಲ. ಸಂಜೆ ಉಪ್ಪಿನ ಮಡಕೆಗೆ ಅಂತ ಚಾಚಿದ ಅವಳ ಕೈ ಗೋಡೆಗೆ ಹೋಗಿ ಗುದ್ದಿತು. ಮುಂಗೈ ಒಲೆ ಬಾಯಿಗೆ ತಾಗಿ ಸುಟ್ಟಿತು. ಕುಂಯ್ ಅನ್ನಲಿಲ್ಲ. ಸೆರಗಿನೊಳಗೆ ಕೈ ಮುಚ್ಚಿಕೊಂಡು ಅಪ್ಪನಿಗೆ ಮುದ್ದೆ ಇಕ್ಕಿದಳು. ಮುದ್ದೆಯಲ್ಲಿ ಗಂಟಿತ್ತು. ಅಪ್ಪ ನುಂಗಿ, ‘ಎಷ್ಟ್ ದಿನ ಆಗಿತ್ತು ನಿನ್ ಕೈ ಮುದ್ದೆ ಉಂಡು’ ಅಂದ.

ಮಾರನೆಯ ದಿನ ಇಬ್ಬರೇ ಇದ್ದಾಗ ಸುಟ್ಟ ಕೈಗೆ ಎಣ್ಣೆ ಸವರುತ್ತಾ ಕೇಳಿದೆ.

“ಅವ್ವ, ಅದೇ ಮನೆನಾ?”

“ಯಾವುದು?”

“ಹಳೇದು.”

“ಹಳೇದು ನಂಗೆ ಗ್ಯಾಪಕನೇ ಇಲ್ಲ ಕಣ್ ಮಗ. ಗೋಡೆ ಗ್ಯಾಪಕ ಅದೆ, ಕಿವೀಲಿ ಇಲ್ಲ. ಕಿವಿ ಅದನ್ನ ಬುಟ್ಬುಡ್ತು. ತಾರಸಿ ಮನೇಗೆ ಒಗ್ಗೋಯ್ತು. ಇಲ್ಲಿ ನಿಂತ್ರೆ ಕಂಬಳಿ ಒಳೀಕೆ ತಲೆ ತುರುಕ್ದಂಗಾಯ್ತದೆ. ಬಳೆ ಒದ್ರಿದ್ರೆ ಏನೂ ಯೋಳಕಿಲ್ಲ.”

“ಅಂಗಂತ ಅಪ್ಪಂಗೆ ಯೋಳು. ದೊಡ್ಡ ಅಡಿಗೆಮನೇಲಿ ಬೇಯ್ಸಕೆ ನಿಂಗೆ ಬತ್ತದೆ ಅಂತ ನಾನೇ ಯೋಳ್ತೀನಿ.”

“ಬಾಯಿ ಮುಚ್ಚು. ನಿಮ್ಮಪ್ಪನ ಅಂಗೈ ಮುಟ್ಟಿದೀಯಾ? ನೆನ್ನೆ ಕೈ ಹಿಡ್ಕಂಡ್ರಲ್ಲ, ನಾನ್ ಮುಟ್ದೆ. ತುಂಬ ಬೊಬ್ಬೆ.” ಸುಟ್ಟ ಕೈಯನ್ನು ಸೆರಗಿನೊಳಗೆ ಎಳೆದುಕೊಂಡು ಅಂದಳು, “ಎಲ್ಡು ಮನೆ ಕಲ್ತಿಲ್ವಾ? ಇದನ್ನೂ ಕಲ್ತ್ಕತೀನಿ.”

ಕಲಿತಳು. ಆದರೆ ಒಂದು ತೊಂದರೆ ಉಳಿದೇ ಹೋಯಿತು. ಮಲಗುವುದು, ಕೂರುವುದು ತಾರಸಿ ಮನೆಯಲ್ಲಿ. ಅಡಿಗೆ ಮಣ್ಣಿನ ಮನೆಯಲ್ಲಿ. ದಿನಕ್ಕೆ ಎಷ್ಟೋ ಸಲ ಹಿಂಬಾಗಿಲ ಹೊಸ್ತಿಲು ದಾಟಬೇಕು. ಈ ಕಡೆಯಿಂದ ಆ ಕಡೆಗೆ ಕಾಲಿಟ್ಟರೆ ಅವಳ ಕಿವಿ ಇನ್ನೂ ಈ ಕಡೆಯೇ ಇರುತ್ತಿತ್ತು. ಅದು ಬರುವ ತನಕ ಅವಳು ಕಾಯಬೇಕು. ಅದಕ್ಕೆ ಹೊಸ್ತಿಲ ಮೇಲೆ ನಿಲ್ಲುತ್ತಿದ್ದಳು. ಕೈಯಲ್ಲಿ ಏನಿದ್ದರೂ ಎದೆಗೆ ಒತ್ತಿಕೊಂಡು, ತಲೆ ತಗ್ಗಿಸಿ, ಹೊಳೆಗೆ ಇಳಿಯುವ ಮೊದಲು ನೀರು ನೋಡುತ್ತಾ ನಿಲ್ಲುವವರ ಹಾಗೆ. ಆಮೇಲೆ ಮೆಲ್ಲಗೆ ಬಳೆ ಒದರಿ ಒಳಗೆ ಹೋಗುತ್ತಿದ್ದಳು.

ಅಪ್ಪ ಅದನ್ನು ನೋಡಿದ. ನೋಡಿ ತನಗೆ ತಿಳಿದ ಹಾಗೆ ತಿಳಿದುಕೊಂಡ. ಕರಿಯಪ್ಪ ಮಾವ ಜಗಲಿಗೆ ಬಂದು ಕೂತಾಗ ಅವನು ಹೇಳುತ್ತಿದ್ದದ್ದು ನನಗೆ ಕೇಳಿಸಿತು.

“ನಾನು ಕೈಯಾರ ಕಟ್ಟಿದ್ದು ಕಣ್ ಕರಿಯ. ದೇವಸ್ತಾನಕ್ಕೆ ಹೋಗೋಳಂಗೆ ತಲೆ ಬಗ್ಸಿ ಕೈ ಮುಗ್ಕಂಡೇ ಒಳೀಕ್ ಹೋಯ್ತಾಳೆ. ಒಂದ್ ದಪನೂ ತಪ್ಪುಸಾಕಿಲ್ಲ.”

ಅವ್ವ ಆಗ ಹಜಾರದಲ್ಲೇ ಇದ್ದಳು. ಆ ಹಜಾರದಲ್ಲಿ ಜಗಲಿಯ ಪಿಸುಮಾತೂ ಅವಳಿಗೆ ತಪ್ಪುತ್ತಿರಲಿಲ್ಲ. ಕೇಳಿಸಿಕೊಂಡಳು, ಸುಮ್ಮನೆ ಎದ್ದು ಹಿಂದಕ್ಕೆ ಹೋದಳು. ಅವತ್ತಿನಿಂದ ಹೊಸ್ತಿಲಲ್ಲಿ ನಿಂತಾಗ ನಿಜವಾಗಿಯೂ ಎರಡು ಕೈ ಜೋಡಿಸುತ್ತಿದ್ದಳು. ಅಪ್ಪ ಮನೆಯಲ್ಲಿ ಇದ್ದರೂ ಸರಿ, ಇಲ್ಲದಿದ್ದರೂ ಸರಿ.

ನನಗೆ ಮದುವೆ ಆಗುವ ಮೊದಲೇ ಅವ್ವ ಹೋದಳು. ಮತ್ತೆ ಜ್ವರವೇ. ಮುತ್ತೈದೆಯಾಗಿ ಹೋದವಳು, ಬಳೆ ಒಡೆಯಲಿಲ್ಲ, ಕೈ ತುಂಬ ಹಸಿರು ಗಾಜಿನ ಬಳೆ ಏರಿಸಿಯೇ ಕಳಿಸಿದರು. ಎತ್ತುವಾಗ ಅದು ಒಂದು ಸಲ ಝಲ್ ಅಂದಿತು. ಹಜಾರದ ತುಂಬ ಜನ ಅಳುತ್ತಿದ್ದರು. ಆ ಸದ್ದು ನನಗೆ ಹೇಗೆ ಬೇರೆಯಾಗಿ ಕೇಳಿತೋ ನನಗೆ ಗೊತ್ತಿಲ್ಲ. ಕೆಂಪತ್ತೆ ಹಂಪಾಪುರಕ್ಕೆ ವಾಪಸ್ಸು ಹೋದಳು. ನನ್ನ ಗಂಡನನ್ನು ಅಪ್ಪ ಮನೆ ಅಳಿಯನಾಗಿ ತಂದುಕೊಂಡ, ಒಲೆ ನನ್ನ ಕೈಗೆ ಬಂತು. ಗಂಡ ಒಳಗಿನ ಅಡಿಗೆಮನೆಗೆ ಗ್ಯಾಸು ತಂದ. ಆದರೂ ಅಪ್ಪನ ಮುದ್ದೆಯನ್ನು ಮಾತ್ರ ನಾನು ಹಿಂದಿನ ಮಣ್ಣಿನ ಮನೆಯಲ್ಲೇ ತೊಳಸುತ್ತಿದ್ದೆ. ಬೇರೆ ಕಡೆ ಮಾಡಿದರೆ ಅವನು ಉಣ್ಣುತ್ತಿರಲಿಲ್ಲ.

ಊಟದ ಹೊತ್ತಿಗೆ ಅಪ್ಪ ಹಿಂಬಾಗಿಲಿಗೆ ಬರುತ್ತಿದ್ದ. ಹೊಸ್ತಿಲಲ್ಲಿ ನಿಂತು, ಟವೆಲ್ಲು ಕಂಕುಳಿಗೆ ಇಟ್ಟು, ತಲೆ ತಗ್ಗಿಸಿ ಕೈ ಮುಗಿಯುತ್ತಿದ್ದ. ನನ್ನ ಮಗಳು, ಈಗ ನನಗೆ ಮಿಷನ್ನು ಹಾಕಿಸಿದವಳು, ಆಗ ಓಡಾಡುವ ಮಗು. ಹೊಸ್ತಿಲನ್ನು ಹಾರಿಕೊಂಡು ಒಳಗೆ ಓಡಿದರೆ ಅವಳನ್ನು ಹಿಡಿದು ನಿಲ್ಲಿಸುತ್ತಿದ್ದ.

“ನಿಂತ್ಕ ಕೂಸೆ. ನಿಮ್ಮಜ್ಜಿ ಇಲ್ಲಿ ಕೈ ಮುಗೀದೆ ಒಂದ್ ದಪನೂ ಒಳೀಕ್ ಹೋದೋಳಲ್ಲ.”

ಮಗು ನನ್ನ ಮುಖ ನೋಡುತ್ತಿತ್ತು. ನಾನು ಏನೂ ಹೇಳುತ್ತಿರಲಿಲ್ಲ. ಅವ್ವನೇ ಹೇಳಲಿಲ್ಲವಲ್ಲ, ನಾನು ಹೇಳಲು ಯಾರು? ಬಿಸಿ ಮಡಕೆಯನ್ನು ಕೆಳಗಿಟ್ಟು, ಅಪ್ಪನ ಪಕ್ಕದಲ್ಲಿ ನಿಂತು ನಾನೂ ಕೈ ಮುಗಿಯುತ್ತಿದ್ದೆ. ಅವನ ಉಸಿರು ಬಿಟ್ಟರೆ ಇನ್ನೇನೂ ಕೇಳುತ್ತಿರಲಿಲ್ಲ. ಅವನು ತಲೆ ಎತ್ತುವ ತನಕ ಹಾಗೇ ನಿಂತಿದ್ದು, ಆಮೇಲೆ ಒಳಗೆ ಹೋಗಿ ಅವನಿಗೆ ಇಕ್ಕುತ್ತಿದ್ದೆ.